ಟಿಕ್ ಟಿಕ್ ಪಂಪು, ಎಂಟು ಲೋಡ್ ಹೆಂಚು

ಲಾರಿ ಮೊದಲ ಸಲ ಘಾಟಿಯಲ್ಲಿ ನಿಂತಾಗ ನಾನು ಅದರಲ್ಲಿ ಇರಲಿಲ್ಲ. ಹಾಗಾಗಿ ಆರಾಮವಾಗಿ ಡ್ರೈವರಣ್ಣನನ್ನೇ ಬೈದುಕೊಂಡೆ.

ಆಗಷ್ಟೇ ಮೇ ತಿಂಗಳು ಶುರುವಾಗಿತ್ತು. ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಫಿಟ್ಟರ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಸಾಹುಕಾರರ ಕಾರು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಒಂದು ಪೆಟ್ರೋಲ್ ಲಾರಿ, ಹೀಗೆ ಕೆಟ್ಟದ್ದೆಲ್ಲ ನನ್ನ ಪಾಲಿಗೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕೂಲಿಯವರ ಸಾಲುಮನೆಗಳಿಗೆ, ಅಂದರೆ ಲೈನುಗಳಿಗೆ, ಹೆಂಚು ಹೊದಿಸಬೇಕೆಂದು ಸರ್ಕಾರದವರು ಬಂದು ಹೇಳಿಹೋಗಿದ್ದರು. ಸಾಹುಕಾರರು ಒಪ್ಪಿದರು. ಎಸ್ಟೇಟಿನ ಲೆಕ್ಕಪತ್ರ ನೋಡುವ ನಮ್ಮ ರೈಟರಿಗೆ ಉತ್ಸಾಹ ಉಕ್ಕಿ, ಹೆಂಚು ಬರುವ ಮೊದಲೇ ಹನ್ನೆರಡು ಮನೆಗಳ ಹುಲ್ಲಿನ ಮಾಡನ್ನು ಕೀಳಿಸಿ ಗೊಬ್ಬರದ ಗುಂಡಿಗೆ ಹಾಕಿಸಿಬಿಟ್ಟರು. ಹದಿನೈದು ದಿನದಲ್ಲಿ ಹೆಂಚು ಬರುತ್ತದೆ ಎಂಬ ಲೆಕ್ಕ ಅವರದು.

ಆ ಹನ್ನೆರಡರಲ್ಲಿ ಒಂದು ಮನೆ ನನ್ನದು. ಹೆಂಡತಿ, ಮೂರು ತಿಂಗಳ ಮಗಳು, ಪಾತ್ರೆ ಪಗಡಿ ಸಮೇತ ನಾವೂ ಉಳಿದ ಹನ್ನೊಂದು ಸಂಸಾರಗಳ ಜೊತೆ ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿಗೆ ಬಂದೆವು. ಶೆಡ್ಡಿಗೆ ಮೇಲೆ ತಗಡು ಇತ್ತು, ಗೋಡೆ ಇರಲಿಲ್ಲ. ಗೋಣಿ ಕಟ್ಟಿ ಮರೆ ಮಾಡಿಕೊಂಡಿದ್ದೆವು. ಬೇಸಿಗೆಯಲ್ಲಿ ಅದು ಹೇಗೋ ನಡೆಯುತ್ತಿತ್ತು. ಜೂನ್ ಮಳೆ ಅಡ್ಡ ಬೀಸಿದರೆ ಕೈಕೂಸುಗಳನ್ನು ಅಲ್ಲಿ ಮಲಗಿಸುವ ಮಾತೇ ಇರಲಿಲ್ಲ.

ಹೆಂಚು ಬರಬೇಕಾದದ್ದು ಘಾಟಿಯ ಕೆಳಗಿನ ಮಲಯಾಳ ಸೀಮೆಯ ಕಾರ್ಖಾನೆಯಿಂದ. ಒಟ್ಟು ಎಂಟು ಲೋಡ್. ಬೇರೆ ಲಾರಿಗಳೆಲ್ಲ ಮಳೆಗೆ ಮುಂಚೆ ಅಕ್ಕಿ, ಉಪ್ಪು, ಒಣಮೀನು ಸಾಗಿಸುವುದರಲ್ಲಿ ಮುಳುಗಿದ್ದವು. ನಮ್ಮ ಮುದಿ ಲಾರಿಯೇ ವಿರಾಜಪೇಟೆ ದಾಟಿ, ಮಾಕುಟ್ಟ ಘಾಟಿ ಇಳಿದು, ಹೆಂಚು ಹೊತ್ತು ಮೇಲೆ ಬರಬೇಕಿತ್ತು. ಹೋಗಿ ಬರಲು ಎರಡು ದಿನ. ಮೊದಲ ಲೋಡಿಗೆ ನಾಲ್ಕು ದಿನ ಹಿಡಿಯಿತು.

"ಘಾಟೀಲಿ ಏನು ನಿದ್ದೆ ಮಾಡ್ತಿದ್ರಾ ಡ್ರೈವರಣ್ಣಾ?" ಎಂದೆ.

ಅವರು ಭಾಗಮಂಡಲದ ಕಡೆಯವರು, ಅರೆಭಾಷೆ ಮನೆಮಾತು. ನಮ್ಮ ಜೊತೆ ಕನ್ನಡ ಮಾತಾಡುವಾಗಲೂ ‘ಇದೆ’ ಎನ್ನುವಲ್ಲಿ ‘ಉಟ್ಟು’ ಬಂದೇ ಬರುತ್ತಿತ್ತು. ಐವತ್ತು ದಾಟಿದ್ದರು, ಸಿಟ್ಟು ಮಾಡಿಕೊಳ್ಳುವ ಜಾತಿಯಲ್ಲ.

"ನೀ ಬೈದ್ರೆ ಲಾರಿ ಹತ್ತುದಿಲ್ಲೆ ಫಿಟ್ಟರ್. ಪಂಪ್‌ಗೆ ಜ್ವರ ಬಂದುಟ್ಟು. ಮುಟ್ಟಿ ನೋಡು."

ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿತ್ತು. ಎಂಜಿನ್ ತಿರುಗಿದಂತೆ ಒಳಗಿನ ಒಂದು ಲಿವರ್ ಮೇಲೆ ಕೆಳಗೆ ಆಡುತ್ತದೆ. ಅದು ಒಂದು ಬಟ್ಟೆಯ ಪರದೆಯನ್ನು ಎಳೆದು ಬಿಟ್ಟು ಮಾಡಿ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಹೀರಿ ಕಾರ್ಬುರೇಟರಿಗೆ ಕೊಡುತ್ತದೆ. ತುಂಬಿದ ಲಾರಿ ಬಿಸಿಲಲ್ಲಿ ಒಂದನೇ ಗೇರಿನಲ್ಲಿ ಘಾಟಿ ಹತ್ತುವಾಗ ಎಂಜಿನ್ ಕಾದು, ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗುತ್ತಿತ್ತು. ಪಂಪು ಆವಿಯನ್ನೇ ಹೀರುತ್ತ ಕೂತರೆ ಎಂಜಿನ್ನಿಗೆ ಉಪವಾಸ. ಡ್ರೈವರಣ್ಣನ ಔಷಧ ಒಂದೇ: ಒದ್ದೆ ಗೋಣಿಯನ್ನು ಪಂಪಿನ ಮೇಲೆ ಹೊದಿಸಿ ತಣಿಯುವವರೆಗೆ ಕಾಯುವುದು. ಸೀಟಿನ ಕೆಳಗೆ ಒಂದು ಬಕೆಟ್ಟಿನಲ್ಲಿ ಆ ಗೋಣಿ ಯಾವಾಗಲೂ ನೆನೆದೇ ಇರುತ್ತಿತ್ತು.

ಪಂಪು ಬಿಚ್ಚಿ ನೋಡಿದೆ. ಪರದೆ ಒಣಗಿ ಸೆಟೆದು ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಎಂಜಿನ್ ಆಯಿಲಿನ ಕಡ್ಡಿ ಎತ್ತಿ ಮೂಸಿದರೆ ಪೆಟ್ರೋಲ್ ವಾಸನೆ. ಬಿರುಕಿನಿಂದ ಪೆಟ್ರೋಲ್ ಆಯಿಲಿಗೆ ಇಳಿಯುತ್ತಿತ್ತು. ಹೀಗೇ ಓಡಿಸಿದರೆ ಎಂಜಿನ್ನೇ ಹೋಗುತ್ತಿತ್ತು. ಡ್ರೈವರಣ್ಣನಿಗೆ ಕ್ಷಮಿಸಿ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಆ ಪರದೆ ಮೈಸೂರಿನಲ್ಲಿ ಸಿಗಲಿಲ್ಲ. ಅಂಥ ಲಾರಿಯ ಸಾಮಾನು ಬರುವುದೇ ನಿಂತಿತ್ತು. ಪರದೆ ಹುಡುಕಿಕೊಂಡು ಹೋದ ಸಾಹುಕಾರರು ಬದಲಿಗೆ ಕರೆಂಟಿನ ಪಂಪೊಂದನ್ನು ತಂದರು. ರಟ್ಟಿನ ಡಬ್ಬಿಯಲ್ಲಿ ಎಣ್ಣೆ ಕಾಗದ ಸುತ್ತಿಕೊಂಡು ಮದುಮಗನ ಹಾಗೆ ಕೂತಿತ್ತು. ಬ್ಯಾಟರಿಯಿಂದ ನಡೆಯುವಂಥದ್ದು. ಎಂಜಿನ್ನಿನ ಬಿಸಿಯಿಂದ ದೂರ, ಟ್ಯಾಂಕಿನ ಪಕ್ಕದಲ್ಲೇ ಕೂರಿಸಬಹುದು. ಅಲ್ಲಿಂದ ಪೆಟ್ರೋಲನ್ನು ಮುಂದಕ್ಕೆ ನೂಕುತ್ತದೆ, ಆವಿಯಾಗುವ ಕಾಟವಿಲ್ಲ.

ನನಗೆ ಕುಣಿಯುವಷ್ಟು ಖುಷಿಯಾಯಿತು. ಒಂದೇ ದಿನದಲ್ಲಿ ಕೂರಿಸಿದೆ. ಹಳೆಯ ಪಂಪು ತೆಗೆದ ತೂತಿಗೆ ತಗಡಿನ ಮುಚ್ಚಳ ಹಾಕಿ, ಹೊಸದನ್ನು ಚಾಸಿಗೆ ಬೋಲ್ಟು ಮಾಡಿ, ತಾಮ್ರದ ಪೈಪು ಎಳೆದೆ. ವಯರನ್ನು ಕೀಗೆ ಸೇರಿಸಿದೆ. ಕೀ ತಿರುಗಿಸಿದರೆ ಎಂಜಿನ್ ಶುರುವಾಗುವ ಮೊದಲೇ ಪಂಪು ಟಿಕ್ ಟಿಕ್ ಎಂದು ಕೆಲಸ ಶುರು ಮಾಡುತ್ತದೆ. ಕಾರ್ಬುರೇಟರ್ ತುಂಬಿದ ಮೇಲೆ ಅಲ್ಲಿನ ಸೂಜಿ ದಾರಿ ಮುಚ್ಚುತ್ತದೆ, ಟಿಕ್ ಟಿಕ್ ತಾನಾಗಿ ನಿಲ್ಲುತ್ತದೆ. ಡ್ರೈವರಣ್ಣನಿಗೆ ಇದನ್ನೆಲ್ಲ ವಿವರಿಸಿ, "ಇನ್ನು ಆ ಗೋಣಿ ಬಕೆಟ್ಟು ಬಿಸಾಕಿ," ಎಂದೆ.

"ಪಂಪು ನಿಂದು, ಗೋಣಿ ನಂದು. ಅದು ಅಲ್ಲೇ ಇರಲಿ," ಎಂದರು.

ಎರಡನೇ ಲೋಡು ಹೇಳಿದ ದಿನಕ್ಕೇ ಬಂತು, ಮೂರನೆಯದೂ ಬಂತು. ಲಾರಿ ಘಾಟಿಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ನಾಲ್ಕು ಮನೆಗೆ ಹೆಂಚು ಏರಿತು. ನಾನು ಶೆಡ್ಡಿನಲ್ಲಿ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ.

ಆದರೆ ಮೂರನೇ ಲೋಡು ಇಳಿಸುವಾಗ ಡ್ರೈವರಣ್ಣ ಹತ್ತಿರ ಬಂದು, "ಫಿಟ್ಟರ್, ನಾ ಸೊಪ್ಪು ತಂದು ಬರೋವರೆಗೂ ಅದು ಟಿಕ್ ಟಿಕ್ ಅಂತ್ಲೇ ಉಟ್ಟು. ನಿಲ್ಲುದಿಲ್ಲೆ," ಎಂದರು.

ಸೊಪ್ಪಿನ ವಿಷಯ ನನಗೆ ಗೊತ್ತಿತ್ತು. ಘಾಟಿಯ ನಡುವೆ ನೀರು ಸುರಿಯುವ ಒಂದು ತಿರುವಿನಲ್ಲಿ ಒಂದು ಕಲ್ಲಿದೆ. ದಾರಿಹೋಕರು ಅದಕ್ಕೆ ಒಂದು ಹಸಿರು ಟೊಂಗೆ ಇಟ್ಟು ಕೈಮುಗಿದು ಮುಂದೆ ಹೋಗುತ್ತಾರೆ. ನಡೆದು ಹೋಗುವ ಕಾಲದಿಂದ ಬಂದ ಪದ್ಧತಿ. ಲಾರಿಯವರೂ ಅಲ್ಲಿ ನಿಲ್ಲಿಸಿ, ರೇಡಿಯೇಟರಿಗೆ ನೀರು ತುಂಬಿ, ಸೊಪ್ಪು ಇಡುತ್ತಿದ್ದರು. ಡ್ರೈವರಣ್ಣನದು ಅದಕ್ಕೂ ಒಂದು ಕೈ ಮೇಲೆ. ಎಂಜಿನ್ ತಣಿದ ಮೇಲೆ ಅವರು ಮೊದಲು ಕೀ ತಿರುಗಿಸುವರು, ಡ್ಯಾಶಿನಲ್ಲಿ ಕೆಂಪು ದೀಪ ಹತ್ತುವುದು. ಆಮೇಲೆ ಇಳಿದು, ಒಳ್ಳೆಯ ಎಲೆ ಹುಡುಕಿ ಮುರಿದು, ಕಲ್ಲಿಗಿಟ್ಟು, ಬಂದು ಲಾರಿಯ ಮುಂದಿನ ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸುವರು. ಮಲಗಿದ ಗಾಡಿಯ ಪರವಾಗಿ ಬೇಡಿಕೊಂಡರೆ ದೇವರಿಗೆ ಕೇಳಿಸುವುದಿಲ್ಲ, ಗಾಡಿ ಕಣ್ಣು ಬಿಟ್ಟಿರಬೇಕು ಎಂಬುದು ಅವರ ನಂಬಿಕೆ. ಇಪ್ಪತ್ತು ವರ್ಷದ ಅಭ್ಯಾಸ.

"ನಿಮ್ಮ ಜೊತೆ ಅದೂ ಜಪ ಮಾಡ್ತದೆ, ಬಿಡಿ," ಎಂದು ನಕ್ಕೆ.

ಅವರು ನಗಲಿಲ್ಲ. "ಪೆಟ್ರೋಲ್ ವಾಸನೇನೂ ಉಟ್ಟು."

"ಬಿಸಿಲಿಗೆ ವಾಸನೆ ಜಾಸ್ತಿ ಡ್ರೈವರಣ್ಣಾ."

ಇಷ್ಟು ಹೇಳಿ ಊಟಕ್ಕೆ ಹೋದವನು ನಾನು. ಟಿಕ್ ಟಿಕ್ ನಿಲ್ಲದಿದ್ದರೆ ಸೂಜಿ ದಾರಿ ಮುಚ್ಚುತ್ತಿಲ್ಲ ಎಂದು ಅರ್ಥ. ಅದನ್ನು ಅವರಿಗೆ ಕಲಿಸಿದವನೇ ನಾನು.

ನಾಲ್ಕನೇ ಲೋಡಿಗೆ ನಾನೂ ಹೋದೆ. ಮಧ್ಯಾಹ್ನದ ಹೊತ್ತಿಗೆ ಹೆಂಚು ತುಂಬಿದ ಲಾರಿ ಆ ಕಲ್ಲಿನ ತಿರುವಿಗೆ ಬಂದು ನಿಂತಿತು, ಮೂತಿ ಮೇಲಕ್ಕೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ನಾನು ನೀರು ತುಂಬುತ್ತಿದ್ದೆ. ಡ್ರೈವರಣ್ಣ ಕೀ ತಿರುಗಿಸಿ ಸೊಪ್ಪಿಗೆ ಹೋದರು. ಮಳೆಗಾಲಕ್ಕೆ ಮುಂಚೆ ರಸ್ತೆ ಬದಿಯ ಎಲೆಗಳೆಲ್ಲ ಧೂಳು ಹಿಡಿದಿದ್ದರಿಂದ ಒಳ್ಳೆಯ ಟೊಂಗೆಗಾಗಿ ಸ್ವಲ್ಪ ಮೇಲೆ ಹತ್ತಿದರು. ಲಾರಿಯ ಹೊಟ್ಟೆಯ ಕೆಳಗೆ ಟಿಕ್ ಟಿಕ್ ಕೇಳುತ್ತಲೇ ಇತ್ತು. ನನಗೆ ಆ ಸದ್ದು ಹಿತವಾಗಿ ಕೇಳಿಸುತ್ತಿತ್ತು, ನಾನೇ ಕೂರಿಸಿದ್ದಲ್ಲವೇ.

ಅವರು ಬಂದು ಟೊಂಗೆ ಇಟ್ಟು, ಕೈಮುಗಿದು, ರೇಡಿಯೇಟರ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಹ್ಯಾಂಡಲ್ ಹಾಕಿ ಎಳೆದರು. ಎಂಜಿನ್ ಹಿಂದಕ್ಕೆ ಕೆಮ್ಮಿತು. ಕಾರ್ಬುರೇಟರಿನಿಂದ ಉಕ್ಕಿ ಹರಿದಿದ್ದ ಪೆಟ್ರೋಲು ಭಗ್ಗನೆ ಹತ್ತಿಕೊಂಡಿತು.

ನನ್ನ ಕೈಯಲ್ಲಿದ್ದದ್ದು ನೀರಿನ ಡಬ್ಬಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು ಎಂಬುದೊಂದೇ ತಲೆಗೆ ಹೊಳೆದದ್ದು. ಅದಕ್ಕೆ ಏನು ಮಾಡಬೇಕು ಎಂಬುದು ಹೊಳೆಯಲಿಲ್ಲ. ಡ್ರೈವರಣ್ಣ ಓಡಿಹೋಗಿ ಕೀ ತೆಗೆದು, ಸೀಟಿನ ಕೆಳಗಿನ ಬಕೆಟ್ಟು ಎಳೆದು, ಒದ್ದೆ ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆಂಕಿಯ ಮೇಲೆ ಒತ್ತಿ ಹಿಡಿದರು. ನಾನು ರಸ್ತೆ ಬದಿಯ ಮಣ್ಣು ಬಾಚಿ ಬಾಚಿ ಹಾಕಿದೆ. ಬೆಂಕಿ ಆರಿತು. ವಯರುಗಳು ಸುಟ್ಟಿದ್ದವು, ಅವರ ಬಲಗೈ ಮಣಿಕಟ್ಟಿನವರೆಗೆ ಬೆಂದಿತ್ತು.

ಅವರು ಕಲ್ಲಿನ ಪಕ್ಕ ಕೂತು, ಸುರಿಯುವ ನೀರಿಗೆ ಕೈ ಒಡ್ಡಿ, "ಗೋಣಿ ಬಿಸಾಕು ಅಂದಿದ್ದೆ ನೀ," ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಆದರೂ ಹೆಂಚು ಮೇಲೆ ಹೋಗಬೇಕಿತ್ತು. ಕಾರ್ಬುರೇಟರ್ ಬಿಚ್ಚಿದೆ. ಸೂಜಿಯ ತುದಿ ಸವೆದು ಒಂದು ಗೆರೆ ಬಿದ್ದಿತ್ತು. ಹಳೆಯ ಪಂಪಿನ ಮೆಲ್ಲನೆಯ ನೂಕಿಗೆ ಅದು ಹೇಗೋ ತಡೆದುಕೊಂಡಿತ್ತು, ಹೊಸದರ ಬಲಕ್ಕೆ ಬಾಗಿಲು ಬಿಟ್ಟುಕೊಟ್ಟಿತ್ತು. ಅದನ್ನು ನನ್ನ ಸಾಣೆಕಲ್ಲಿನ ಮೇಲೆ ಎಣ್ಣೆ ಹಾಕಿ ನಯವಾಗಿ ಉಜ್ಜಿ ಕೂರಿಸಿದೆ. ಕರೆಂಟಿನ ಪಂಪಿನ ವಯರು ಕಿತ್ತು ಹಾಕಿದೆ. ಪೆಟ್ರೋಲ್ ಡಬ್ಬಿಯೊಂದನ್ನು ಕ್ಯಾಬಿನ್ನಿನ ತಲೆಯ ಮೇಲೆ ಕಟ್ಟಿ, ತಾಮ್ರದ ಪೈಪಿನಲ್ಲಿ ನೇರ ಕಾರ್ಬುರೇಟರಿಗೆ ಇಳಿಸಿದೆ. ಮೇಲಿಂದ ಕೆಳಗೆ ತಾನಾಗಿ ಹರಿಯುತ್ತದೆ, ಪಂಪೇ ಬೇಡ. ಸುಟ್ಟ ವಯರುಗಳಲ್ಲಿ ಎಂಜಿನ್ನಿಗೆ ಬೇಕಾದ ಎರಡನ್ನು ಗಂಟು ಹಾಕಿದೆ. ಹ್ಯಾಂಡಲ್ ನಾನೇ ಹೊಡೆದೆ.

ಡ್ರೈವರಣ್ಣ ಟವೆಲು ಸುತ್ತಿದ ಬಲಗೈಯನ್ನು ಸ್ಟೇರಿಂಗಿನ ಮೇಲೆ ಸುಮ್ಮನೆ ಇಟ್ಟು ಎಡಗೈಯಲ್ಲಿ ತಿರುಗಿಸಿದರು. ಗೇರ್ ನನ್ನದು. "ಕ್ಲಚ್ಚು!" ಎಂದು ಅವರು ಕೂಗಿದಾಗ ನಾನು ಗೇರ್ ಎಳೆಯಬೇಕು. ಎರಡು ಸಲ ತಪ್ಪು ಎಳೆದೆ, ಲಾರಿ ಕಿರುಚಿತು. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಹಾಗೇ ಘಾಟಿಯ ತುದಿಯ ಪೆರುಂಬಾಡಿ ಹತ್ತಿದೆವು, ಎಸ್ಟೇಟ್ ತಲುಪಿದೆವು. ಒಂದು ಹೆಂಚೂ ಒಡೆದಿರಲಿಲ್ಲ.

ಬೆಳಿಗ್ಗೆ ಸಾಹುಕಾರರು ಲಾರಿ ಹತ್ತಿರ ಬಂದರು. ಮೂಗಿನ ತುದಿಯಲ್ಲೇ ಕೋಪ.

"ಕೀ ಹಾಕಿ ಗಾಡಿ ಬಿಟ್ಟು ಸೊಪ್ಪು ಕೊಯ್ಲಿಕ್ಕೆ ಹೋದದ್ದಂತೆ? ಇವನಿಗೆ ವಯಸ್ಸಾಯ್ತು. ಬೇರೆ ಡ್ರೈವರ್ ನೋಡ್ತೇನೆ."

ಬೇರೆ ಡ್ರೈವರ್ ಸಿಗುವುದರೊಳಗೆ ಮಳೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಬಾಯಿ ತೆರೆಸಿದ್ದು ಅದಲ್ಲ. ಡ್ರೈವರಣ್ಣ ಬೆಂದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನಿಂತಿದ್ದರು.

"ತಪ್ಪು ನಂದು ಸಾಹುಕಾರ್ರೇ," ಎಂದೆ. "ಪಂಪಿನ ವಯರು ಕೀಗೆ ಸೇರಿಸಿದ್ದು ನಾನು. ಅವರು ಇಪ್ಪತ್ತು ವರ್ಷದಿಂದ ಮೊದಲು ಕೀ ಹಾಕೇ ಸೊಪ್ಪು ಇಡೋದು, ಹಳೇ ತರದ ಪಂಪಿನಲ್ಲಿ ಒಂದು ಹನಿ ಚೆಲ್ಲಿಲ್ಲ. ಸದ್ದು ನಿಲ್ಲಲ್ಲ, ವಾಸನೆ ಬರ್ತದೆ ಅಂತ ಅವರು ಮುಂಚೆನೇ ಹೇಳಿದ್ರು. ನಾನು ನಕ್ಕುಬಿಟ್ಟೆ."

ಸಾಹುಕಾರರು ಬಗ್ಗಿ ಸುಟ್ಟ ವಯರುಗಳನ್ನು ನೋಡಿದರು. "ಈಗ ಎಂತ ಮಾಡ್ತೀಯ? ವಯರ್ ಬದಲಿಸಿ ಅದೇ ಪಂಪಿಗೆ ಬೇರೆ ಒಂದು ಸ್ವಿಚ್ ಹಾಕು. ಡ್ರೈವರ್ ನೆನಪಿಟ್ಟು ಆಫ್ ಮಾಡ್ಲಿ."

ರಾತ್ರಿಯೆಲ್ಲ ನಾನು ಯೋಚಿಸಿದ್ದೂ ಅದನ್ನೇ. ಸ್ವಿಚ್ ಹಾಕುವುದು ಅರ್ಧ ಗಂಟೆಯ ಕೆಲಸ. ಪಂಪು ಒಳ್ಳೆಯದೇ, ಬಿಸಿಗೆ ಹೆದರುವುದಿಲ್ಲ. ಆದರೆ ಕಾದ ಎಂಜಿನ್, ತುಂಬಿದ ಲೋಡು, ಬೆಂದ ಕೈ, ಇಷ್ಟರ ನಡುವೆ ಒಬ್ಬ ಮನುಷ್ಯ ಹೊಸ ಸ್ವಿಚ್ಚನ್ನು ಪ್ರತಿ ಸಲವೂ ನೆನಪಿಡಬೇಕು. ಒಂದೇ ಒಂದು ಸಲ ಮರೆತರೆ ಘಾಟಿಯಲ್ಲಿ ಮತ್ತೆ ಬೆಂಕಿ. ಎಂಜಿನ್ ತಿರುಗಿದರೆ ಮಾತ್ರ ಹಳೆಯ ಪಂಪು ತಿರುಗುತ್ತದೆ, ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಯಾರೂ ಏನನ್ನೂ ನೆನಪಿಡಬೇಕಾಗಿಲ್ಲ.

"ಹಳೇದನ್ನೇ ಮಾಡ್ತೇನೆ. ಮೂರು ದಿನ ಕೊಡಿ. ಡ್ರೈವರಣ್ಣ ಇರಲಿ," ಎಂದೆ.

"ಪರದೆ ಎಲ್ಲಿ ಉಂಟು ನಿನ್ನ ಹತ್ರ?"

ಇರಲಿಲ್ಲ. ಹಳೆಯ ಪಂಪು ತರಲು ಹೊರಟೆ.

ಶೆಡ್ಡಿನಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಅವಳೂ ನನ್ನ ಹಾಗೆ ಕುಶಾಲನಗರದ ಕಡೆಯವಳು, ಮಾತು ನೇರ. "ಏನಂದ್ರೆ, ಕರೆಂಟಿಂದೋ ಕಾಲ್ನಡಿಗೇದೋ ನಂಗೊತ್ತಿಲ್ಲ. ಮಳೆ ಹಿಡಿಯೋದ್ರೊಳಗೆ ಮಗೀಗೆ ಒಂದು ಸೂರು ಮಾಡ್ಕೊಡಿ," ಎಂದಳು. ಅಂದೇ ರೈಟರ ಹತ್ತಿರ ಹೋಗಿ, ತಡವಾದದ್ದು ನನ್ನಿಂದ, ಹೆಂಚು ಹೊದಿಸುವಾಗ ನಮ್ಮ ಮನೆಯನ್ನು ಎಲ್ಲರಿಗಿಂತ ಕೊನೆಗೆ ಇಟ್ಟುಕೊಳ್ಳಿ ಎಂದು ಹೇಳಿ ಬಂದೆ. ಅವಳಿಗೆ ಹೇಳಲು ಧೈರ್ಯ ಬರಲಿಲ್ಲ.

ಮೊದಲು ಹಳೆಯ ರಬ್ಬರ್ ಶೀಟು ಕತ್ತರಿಸಿ, ಪೆಟ್ರೋಲ್ ತುಂಬಿದ ಬಟ್ಟಲಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ತೆಳು ಚರ್ಮ ಹಾಕಿದೆ, ಪೆಟ್ರೋಲ್ ಬೆವರಿನಂತೆ ಹೊರಗೆ ಜಿನುಗಿತು. ಎರಡು ದಿನ ಕಳೆದೇ ಹೋಯಿತು. ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟಲು ಶುರುವಾಗಿತ್ತು.

ನಾನು ತಲೆ ಮೇಲೆ ಕೈಹೊತ್ತು ಕೂತಿದ್ದನ್ನು ಎಸ್ಟೇಟಿನ ವಾಚ್‌ಮನ್ ನೋಡಿದರು. ಅವರು ಕೊಡವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ವಿಷಯ ಕೇಳಿ ಮನೆಗೆ ಹೋಗಿ ಒಂದು ಹಳೆಯ ಮಿಲಿಟರಿ ಹೊದಿಕೆ ತಂದರು. ವಿಷದ ಗ್ಯಾಸಿನಿಂದ ಮೈ ಕಾಯಲೆಂದು ಸಿಪಾಯಿಗಳಿಗೆ ಕೊಟ್ಟದ್ದಂತೆ. ರಬ್ಬರ್ ಇಲ್ಲ, ತೆಳ್ಳನೆ ಬಟ್ಟೆಗೆ ಎಣ್ಣೆ ಕುಡಿಸಿ ಮಾಡಿದ್ದು.

"ಬರ್ಮಾದಲ್ಲಿ ಇದನ್ನು ಹೊತ್ತದ್ದೇ ಹೊತ್ತದ್ದು ಫಿಟ್ಟರ್. ಗ್ಯಾಸೂ ಬರ್ಲಿಲ್ಲ, ಎಂತದೂ ಬರ್ಲಿಲ್ಲ. ಈಗಾದ್ರೂ ಸ್ವಲ್ಪ ಡ್ಯೂಟಿ ಮಾಡ್ಲಿ," ಎಂದರು.

ಹೊದಿಕೆಯ ಬಹುಪಾಲು ಮಡಿಕೆಗಳಲ್ಲಿ ಸೀಳಿತ್ತು. ಚೆನ್ನಾಗಿದ್ದ ಜಾಗದಲ್ಲಿ ಎರಡು ಪರದೆಗೆ ಆಗುವಷ್ಟು ಬಟ್ಟೆ. ಒಂದು ಚೂರನ್ನು ಒಂದು ದಿನ ಪೂರ್ತಿ ಪೆಟ್ರೋಲಿನಲ್ಲಿಟ್ಟೆ. ಉಬ್ಬಲಿಲ್ಲ, ಕರಗಲಿಲ್ಲ. ಹಳೆಯ ಪರದೆಯನ್ನು ಮೇಲಿಟ್ಟು ಗೆರೆ ಎಳೆದು, ಎರಡು ಪದರ ಮಾಡಿ ಕತ್ತರಿಸಿ, ಪಂಪಿನಲ್ಲಿ ಕೂರಿಸಿ ಸ್ಕ್ರೂ ಬಿಗಿದೆ. ಲಿವರ್ ಒತ್ತಿದ ಕೂಡಲೇ ಬಟ್ಟೆ ಪರ್ ಎಂದು ಹರಿಯಿತು.

ಅವಸರ ನನ್ನದೇ. ಲಿವರನ್ನು ಪೂರ್ತಿ ಒತ್ತಿ ಹಿಡಿದುಕೊಂಡು, ಪರದೆ ಕೆಳಗೆ ಎಳೆದಿರುವಾಗಲೇ ಸ್ಕ್ರೂ ಬಿಗಿಯಬೇಕು. ಬಟ್ಟೆ ಆಡುವಷ್ಟು ಸಡಿಲ ಉಳಿಯುವುದು ಆಗಲೇ. ಗೊತ್ತಿದ್ದೂ ಮರೆತಿದ್ದೆ. ನೆನಪಿಡುವ ಕೆಲಸ ಡ್ರೈವರಣ್ಣನಿಗೆ ಬೇಡ ಎಂದು ದೊಡ್ಡದಾಗಿ ಲೆಕ್ಕ ಹಾಕಿದವನಿಗೇ ನೆನಪು ಕೈಕೊಟ್ಟಿತ್ತು.

ಇನ್ನು ಉಳಿದದ್ದು ಒಂದೇ ಪರದೆಯ ಬಟ್ಟೆ. ಡ್ರೈವರಣ್ಣನನ್ನು ಕರೆದೆ. ಅವರು ಎಡಗೈಯ ಹೆಬ್ಬೆರಳಿನಲ್ಲಿ ಲಿವರ್ ಒತ್ತಿ ಹಿಡಿದರು. ನಾನು ಒಂದೊಂದೇ ಸ್ಕ್ರೂವನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಆಮೇಲೆ ಪಂಪಿನ ಬಾಯಿಗೆ ಅವರು ಬೆರಳು ಇಟ್ಟರು, ನಾನು ಲಿವರ್ ಆಡಿಸಿದೆ.

"ಎಳೀತುಟ್ಟು," ಎಂದರು. "ಬೆರಳು ಬಿಡುದಿಲ್ಲೆ ನೋಡು."

ಆಗ ಹೇಳಿದೆ, "ಡ್ರೈವರಣ್ಣಾ, ನಂದು ತಪ್ಪಾಯ್ತು," ಎಂದು.

"ಗೊತ್ತುಟ್ಟು. ಈಗ ಕೂರಿಸು."

ಬಿಸಿಯ ಕಾಟ ಬಾಕಿ ಇತ್ತು. ಎಣ್ಣೆ ಡಬ್ಬದ ತಗಡು ಬಡಿದು, ಪಂಪಿಗೂ ಎಂಜಿನ್ನಿನ ಬಿಸಿ ಹೊಗೆಕೊಳವೆಗೂ ನಡುವೆ ಮರೆ ಕಟ್ಟಿದೆ. ಬಿಸಿಲೇರುವ ಮೊದಲೇ ಘಾಟಿ ಹತ್ತಿ ಮುಗಿಸುವುದೆಂದು ಇಬ್ಬರೂ ನಿಶ್ಚಯ ಮಾಡಿದೆವು, ಹೆಂಚಿನ ಕಾರ್ಖಾನೆಯವರನ್ನು ಕಾಡಿ ಬೇಡಿ ಹಿಂದಿನ ದಿನ ಸಂಜೆಯೇ ಲೋಡು ಮಾಡಿಸಿಕೊಂಡೆವು. ಒದ್ದೆ ಗೋಣಿಯ ಬಕೆಟ್ಟನ್ನು ಪ್ರತಿ ಸಲ ನಾನೇ ತುಂಬಿಸಿ ಸೀಟಿನ ಕೆಳಗೆ ಇಟ್ಟೆ. ಡ್ರೈವರಣ್ಣನ ಕೈ ವಾಸಿಯಾಗುವವರೆಗೆ ಹ್ಯಾಂಡಲ್ಲೂ ಗೇರೂ ನನ್ನದೇ.

ಐದು, ಆರು, ಏಳು. ಆರನೇ ಲೋಡಿನಲ್ಲಿ ಒಮ್ಮೆ ಪಂಪು ಕಾದು ನಿಂತಿತು. ಗೋಣಿ ಹೊದಿಸಿ ಕಾಲು ಗಂಟೆ ಕಾದೆವು, ಹತ್ತಿತು. ಪ್ರತಿ ಸಲವೂ ಎಂಜಿನ್ ಆಯಿಲಿನ ಕಡ್ಡಿ ಎತ್ತಿ ಮೂಸಿದೆ. ಬರಿಯ ಆಯಿಲ್.

ಎಂಟನೇ ಲೋಡಿನ ದಿನ ಘಾಟಿಯ ಬುಡದಲ್ಲೇ ಮಳೆ ಸಿಕ್ಕಿತು. ಜಾಗಟೆ ಬಾರಿಸಿದಂತೆ ಗುಡುಗು. ಕಲ್ಲಿನ ತಿರುವಿನಲ್ಲಿ ನಿಲ್ಲಿಸಿದಾಗ, ಈ ಮಳೆಯಲ್ಲಿ ಸೊಪ್ಪು ಬೇಡ, ಹೋಗಿಬಿಡೋಣ ಎಂದು ಅವರೇ ಹೇಳಬಹುದು ಅಂದುಕೊಂಡೆ. ಅವರು ಕೀ ತಿರುಗಿಸಿದರು. ಕೆಂಪು ದೀಪ ಹತ್ತಿತು.

"ನೀವು ಕೂತಿರಿ," ಎಂದು ನಾನೇ ಇಳಿದೆ. ಮಳೆಗೆ ತೊಳೆದು ಎಲ್ಲ ಎಲೆಗಳೂ ಹಸಿರಾಗಿದ್ದವು, ಹುಡುಕುವ ಕೆಲಸವೇ ಇರಲಿಲ್ಲ. ಒಂದು ಟೊಂಗೆ ಮುರಿದು ಕಲ್ಲಿಗಿಟ್ಟು ಕೈಮುಗಿದೆ. ಲಾರಿಯ ಹೊಟ್ಟೆಯ ಕೆಳಗೆ ಕಿವಿಗೊಟ್ಟೆ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಹ್ಯಾಂಡಲ್ ಎಳೆದೆ, ಎರಡನೇ ಎಳೆತಕ್ಕೆ ಎಂಜಿನ್ ಎದ್ದಿತು.

ಲೈನಿನ ಹೆಂಗಸರು ಮಳೆಯಲ್ಲೇ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಹನ್ನೊಂದನೇ ಮನೆ ಮುಗಿಯಿತು, ಹನ್ನೆರಡನೆಯದೂ ಸಂಜೆಗೆ ಮುಗಿಯಿತು. ನಮ್ಮ ಮನೆ ಕೊನೆಗೆ ಬಂದದ್ದು ಯಾಕೆಂದು ಹೆಂಡತಿಗೆ ಯಾರೋ ಹೇಳಿದ್ದರು. ಅವಳು ಒಲೆ ಹಚ್ಚಿ ಮಗಳನ್ನು ಬೆಚ್ಚಗೆ ಮಲಗಿಸಿದಳು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಒಳಗೆ ಒಣಗಿತ್ತು. ನನಗೆ ಅಳು ಬಂತು, ಹೊಗೆ ಎಂದು ನೆಪ ಹೇಳಿದೆ.

ಕಾಫಿ ಕುಡಿಯುತ್ತ ಕೂತಿದ್ದಾಗ ಮೂಲೆಯಿಂದ ಸದ್ದು ಕೇಳಿತು. ಯಾವುದೋ ಹೆಂಚು ಸರಿಯಾಗಿ ಕೂತಿರಲಿಲ್ಲ. ಕೆಳಗಿದ್ದ ತಪ್ಪಲೆಗೆ ಹನಿ ಬೀಳುತ್ತಿತ್ತು: ಟಿಕ್, ಟಿಕ್, ಟಿಕ್.

"ಕೇಳಿಸ್ತಾ? ನಿಮ್ಮ ಪಂಪು," ಎಂದು ಹೆಂಡತಿ ನಕ್ಕಳು.

ನಾನು ಲೋಟ ಕೆಳಗಿಟ್ಟು, ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಏಣಿ ತರಲು ಹೊರಟೆ.